1961ರ ಜಾನ್ಸನ್ ಔಟ್‌ಬೋರ್ಡ್‌ಗೆ ಸೆಲ್ಫ್ ಸ್ಟಾರ್ಟ್: ಒಂದು ಪ್ರಕರಣದ ಪೂರ್ತಿ ವಿವರ

ಹಳೇ ಔಟ್‌ಬೋರ್ಡ್ ಮೋಟಾರಿಗೆ, ಅಂದರೆ ಬೋಟಿನ ಹಿಂದೆ ಹೊರಗೆ ತೂಗುಹಾಕುವ ಎಂಜಿನ್ನಿಗೆ, ಸೆಲ್ಫ್ ಸ್ಟಾರ್ಟ್ ಹಾಕಬೇಕು ಅಂದ ತಕ್ಷಣ ಎಲ್ಲರೂ ಹುಡುಕಲು ಹೊರಡುವುದು ಒಂದು ಸ್ಟಾರ್ಟರ್ ಮೋಟಾರನ್ನು. ನನ್ನ ಪ್ರಕಾರ ಹುಡುಕಬೇಕಾದ್ದು ಅದನ್ನಲ್ಲ. ಅದೇ ವರ್ಷದ್ದು, ಅದೇ ಮಾಡೆಲ್, ಕಾರ್ಖಾನೆಯಿಂದಲೇ ಸೆಲ್ಫ್ ಜೊತೆ ಬಂದು ಈಗ ಕೆಟ್ಟು ಯಾರದೋ ಶೆಡ್ಡಿನ ಮೂಲೆಯಲ್ಲಿ ಬಿದ್ದಿರುವ ಇನ್ನೊಂದು ಇಡೀ ಮೋಟಾರನ್ನು ಹುಡುಕಬೇಕು. ಈ ಒಂದು ತೀರ್ಮಾನ ಸರಿಯಾದರೆ ಉಳಿದ ಕೆಲಸ ಮುಕ್ಕಾಲು ಪಾಲು ಸಲೀಸು. ಯಾಕೆ ಹಾಗೆ ಹೇಳುತ್ತೇನೆ ಅನ್ನುವುದನ್ನು ಒಂದು ಮೋಟಾರಿನ ಕಥೆ ಹೇಳಿಯೇ ತೋರಿಸುತ್ತೇನೆ.

ನಾನು ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮ್ಯಾಡಿಸನ್ ಹತ್ತಿರ. ಔಟ್‌ಬೋರ್ಡ್ ಮೋಟಾರಿನ ತವರುಮನೆ ಇದೇ ರಾಜ್ಯ. ನಾರ್ವೆಯಲ್ಲಿ ಹುಟ್ಟಿ ಇಲ್ಲಿಗೆ ಬಂದ ಓಲೆ ಎವಿನ್‌ರೂಡ್ 1909ರ ಹೊತ್ತಿಗೆ ಮಿಲ್ವಾಕಿಯಲ್ಲಿ ತನ್ನ ಮೋಟಾರುಗಳನ್ನು ಮಾರಲು ಶುರು ಮಾಡಿದ್ದ. ಜಾನ್ಸನ್ ಅಣ್ಣತಮ್ಮಂದಿರ ಕಂಪನಿ ಇಂಡಿಯಾನಾದಲ್ಲಿ ಶುರುವಾಗಿ ಆಮೇಲೆ ಇಲ್ಲನಾಯ್‌ನ ವಾಕೀಗನ್‌ಗೆ ಬಂತು. 1930ರ ದಶಕದಲ್ಲಿ ಎರಡೂ ಒಂದೇ ಸಂಸ್ಥೆಯ ಕೆಳಗೆ ಸೇರಿಕೊಂಡವು. ಹಾಗಾಗಿ ಐವತ್ತು ಅರವತ್ತರ ದಶಕದ ಜಾನ್ಸನ್ ಮತ್ತು ಎವಿನ್‌ರೂಡ್ ಮೋಟಾರುಗಳ ಒಳಗಿನ ಭಾಗಗಳು ಬಹುಪಾಲು ಒಂದೇ, ಹೊರಗಿನ ಬಣ್ಣ ಮತ್ತು ಹೆಸರು ಮಾತ್ರ ಬೇರೆ. ಬಿಡಿಭಾಗ ಹುಡುಕುವವರಿಗೆ ಇದು ತುಂಬಾ ದೊಡ್ಡ ಅನುಕೂಲ. ಒಂದು ಹೆಸರಲ್ಲಿ ಸಿಗದ್ದು ಇನ್ನೊಂದು ಹೆಸರಲ್ಲಿ ಸಿಗುತ್ತದೆ.

ಈ ಪ್ರಕರಣದ ಮೋಟಾರ್ 1961ರ ಜಾನ್ಸನ್, 40 ಹಾರ್ಸ್‌ಪವರ್, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಸುಮಾರು 720 ಸಿಸಿ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರದ್ದು. ಅವರ ಅಪ್ಪ ಹೊಸದಾಗಿ ಕೊಂಡದ್ದು, 16 ಅಡಿಯ ಅಲ್ಯುಮಿನಿಯಂ ಬೋಟಿನ ಹಿಂದೆ ಅಂದಿನಿಂದಲೂ ಅದೇ ಇದೆ. ಮೇಷ್ಟ್ರಿಗೆ ಭುಜದ ಆಪರೇಷನ್ ಆಯಿತು. ಡಾಕ್ಟರು ಮೋಟಾರ್ ಸ್ಟಾರ್ಟ್ ಮಾಡಲು ಹಗ್ಗ ಎಳೆಯುವುದು ಇನ್ನು ಬೇಡ ಅಂದರು. ಮಕ್ಕಳು ಹೊಸ ಫೋರ್ ಸ್ಟ್ರೋಕ್ ಮೋಟಾರ್ ಕೊಡಿಸುತ್ತೇವೆ ಅಂದರು. ಅವರಿಗೆ ಅದು ಬೇಡ. ಅಪ್ಪನ ಮೋಟಾರೇ ಬೇಕು. ನನಗೆ ಇದು ಪೂರ್ತಿ ಅರ್ಥವಾಗುವ ಆಸೆ, ಅದಕ್ಕೇ ಒಪ್ಪಿಕೊಂಡೆ.

ಭುಜದ ನೋವು ಒಂದೇ ಕಾರಣ ಅಲ್ಲ. ಈ ಬೋಟಿಗೆ ಸ್ಟಿಯರಿಂಗ್ ಚಕ್ರ ಇದೆ, ಗೇರು ಮತ್ತು ಥ್ರಾಟಲ್ ಲಿವರುಗಳು ಮುಂದೆ ಇವೆ. ಹಗ್ಗ ಇರುವುದು ಮಾತ್ರ ಹಿಂದೆ. ಅಂದರೆ ಕೆರೆಯ ಮಧ್ಯೆ ಎಂಜಿನ್ ನಿಂತರೆ, ಗಾಳಿ ಎದ್ದಿರುವಾಗ, ಎಪ್ಪತ್ತು ದಾಟಿದವರು ಎದ್ದು ಹಿಂದಕ್ಕೆ ಹೋಗಿ, ಓಲಾಡುವ ಬೋಟಿನಲ್ಲಿ ನಿಂತು ಜೋರಾಗಿ ಎಳೆಯಬೇಕು. ಮ್ಯಾಡಿಸನ್ ಪಕ್ಕದ ಮೆಂಡೋಟಾ ಕೆರೆ ಸುಮಾರು 40 ಚದರ ಕಿಲೋಮೀಟರ್ ಇದೆ. ಅಲ್ಲಿ ಅಲೆ ಎದ್ದರೆ ಸುಮ್ನೆ ಆಟ ಅಲ್ಲ. ವಸಂತದಲ್ಲಿ ಹಿಮ ಕರಗಿದ ನೀರಿಗೆ ಬಿದ್ದರೆ ಈಜು ಬಂದರೂ ಕೈಕಾಲು ಬೇಗ ಸೋಲುತ್ತವೆ. ಹಾಗಾಗಿ ನನ್ನ ಕಣ್ಣಿಗೆ ಇದು ಸೌಕರ್ಯದ ಕೆಲಸ ಅಲ್ಲ, ಸುರಕ್ಷತೆಯ ಕೆಲಸ.

ಇಲ್ಲಿ ಒಂದು ಅದೃಷ್ಟ ಇತ್ತು. ಈ ಕಂಪನಿಯ ದೊಡ್ಡ ಎರಡು ಸಿಲಿಂಡರಿನ ಮೋಟಾರುಗಳಿಗೆ 1954ರಿಂದಲೇ ಸೆಲ್ಫ್ ಸ್ಟಾರ್ಟ್ ಇರುವ ಮಾಡೆಲ್ ಸಿಗುತ್ತಿತ್ತು. 1961ರಲ್ಲಿ ಹಗ್ಗದ ಮಾಡೆಲ್‌ಗೆ ಆರ್‌ಡಿ ಅನ್ನುವ ಅಕ್ಷರ, ಸೆಲ್ಫ್ ಇರುವುದಕ್ಕೆ ಆರ್‌ಡಿಎಸ್. ಎರಡರ ಎಂಜಿನ್ ಒಂದೇ. ಅಂದರೆ ನಾವು ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ. ಕಾರ್ಖಾನೆಯ ಎಂಜಿನಿಯರುಗಳು ಆಗಲೇ ಯೋಚಿಸಿ, ಅಳೆದು, ಪರೀಕ್ಷೆ ಮಾಡಿ ಇಟ್ಟಿದ್ದಾರೆ. ಅದನ್ನು ಒಂದು ಮೋಟಾರಿನಿಂದ ಇನ್ನೊಂದಕ್ಕೆ ದಾಟಿಸಿದರೆ ಆಯಿತು.

ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ, ಜನ ಕೇಳಿಕೊಳ್ಳುವುದೇ ಇಲ್ಲ. ಹಗ್ಗ ಎಳೆದರೆ ಈ ಎಂಜಿನ್ ಎರಡು ಮೂರು ಎಳೆತಕ್ಕೆ ಸ್ಟಾರ್ಟ್ ಆಗುತ್ತದೆಯೇ? ಆಗದಿದ್ದರೆ ಸೆಲ್ಫ್ ಹಾಕಿ ಪ್ರಯೋಜನ ಇಲ್ಲ. ಕಾಯಿಲೆ ಇರುವ ಎಂಜಿನ್‌ಗೆ ಸೆಲ್ಫ್ ಕೂರಿಸಿದರೆ ಬ್ಯಾಟರಿ ಖಾಲಿಯಾಗುತ್ತದೆ, ಸ್ಟಾರ್ಟರ್ ಸುಟ್ಟುಹೋಗುತ್ತದೆ, ಎಂಜಿನ್ ಮಾತ್ರ ಹಾಗೇ ಇರುತ್ತದೆ.

ಮೇಷ್ಟ್ರ ಮೋಟಾರ್ ಎಂಟು ಹತ್ತು ಎಳೆತ ಬೇಡುತ್ತಿತ್ತು. ಕಂಪ್ರೆಷನ್ ನೋಡಿದೆವು, ಎರಡೂ ಸಿಲಿಂಡರ್ ಚೆನ್ನಾಗಿದ್ದವು, ಎರಡರ ಮಧ್ಯೆ ಹೆಚ್ಚು ವ್ಯತ್ಯಾಸವೂ ಇರಲಿಲ್ಲ. ಆಮೇಲೆ ಸ್ಪಾರ್ಕ್. ಅಲ್ಲೇ ಸಿಕ್ಕಿತು. ಎಂಜಿನ್ ಮೇಲೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಬಿಚ್ಚಿ ನೋಡಿದರೆ ಒಳಗೆ ಸ್ಪಾರ್ಕ್ ಹುಟ್ಟಿಸುವ ಎರಡೂ ಕಾಯಿಲ್‌ಗಳ ಹೊದಿಕೆ ಬಿರುಕು ಬಿಟ್ಟಿತ್ತು. ಆ ಕಾಲದ ಜಾನ್ಸನ್, ಎವಿನ್‌ರೂಡ್ ಮೋಟಾರುಗಳಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಬಿರುಕಿಲ್ಲದ ಮೂಲ ಕಾಯಿಲ್ ಕಂಡರೆ ಫೋಟೊ ತೆಗೆದಿಡಬೇಕು. ಬಿರುಕಿನ ಮೂಲಕ ಸ್ಪಾರ್ಕ್ ಸೋರಿಹೋಗುತ್ತದೆ. ಜೋರಾಗಿ ಎಳೆದಾಗ ಹೇಗೋ ಹೊತ್ತಿಕೊಳ್ಳುತ್ತದೆ, ನಿಧಾನ ತಿರುಗಿಸಿದರೆ ಇಲ್ಲ. ಈಗಲೂ ಹೊಸದಾಗಿ ತಯಾರಾಗುವ ಕಾಯಿಲ್ ಸಿಗುತ್ತವೆ. ಎರಡನ್ನೂ ಬದಲಾಯಿಸಿ, ಕಂಡೆನ್ಸರ್ ಹೊಸದು ಹಾಕಿ, ಪಾಯಿಂಟ್ಸ್ (ಸ್ಪಾರ್ಕಿನ ಸಮಯಕ್ಕೆ ತೆರೆದು ಮುಚ್ಚುವ ಪುಟ್ಟ ಸ್ವಿಚ್ಚುಗಳು) ಸ್ವಚ್ಛ ಮಾಡಿ 0.020 ಇಂಚು ಗ್ಯಾಪ್ ಇಟ್ಟೆವು. ಅದು ಸುಮಾರು ಅರ್ಧ ಮಿಲಿಮೀಟರ್. ಕಾರ್ಬೊರೇಟರ್ ಬಿಚ್ಚಿ ತೊಳೆದೆವು. ನೀರಿನ ಪಂಪಿನ ರಬ್ಬರ್ ಇಂಪೆಲರ್ ಬದಲಾಯಿಸಿದೆವು. ಪೆಟ್ರೋಲ್ ಮತ್ತು ಆಯಿಲ್ 24ಕ್ಕೆ 1ರ ಲೆಕ್ಕದಲ್ಲಿ, ಅಂದಿನ ಮೂಲ ಸೂಚನೆಯಂತೆ. ಹೊಸ ಮೋಟಾರುಗಳ 50ಕ್ಕೆ 1 ಮಿಶ್ರಣವನ್ನು ದಯವಿಟ್ಟು ಇಂಥ ಎಂಜಿನ್‌ಗೆ ಹಾಕಬೇಡಿ.

ಇಷ್ಟು ಮಾಡಿದ ಮೇಲೆ ಎರಡನೇ ಎಳೆತಕ್ಕೇ ಎಂಜಿನ್ ಎದ್ದಿತು. ಆಗ ಮೇಷ್ಟ್ರ ಮಗಳು ಕೇಳಿದಳು, ಇಷ್ಟು ಸುಲಭವಾಗಿ ಸ್ಟಾರ್ಟ್ ಆಗುತ್ತೆ ಅಂದ್ಮೇಲೆ ಸೆಲ್ಫ್ ಯಾಕೆ ಅಂತ. ಒಳ್ಳೆ ಪ್ರಶ್ನೆಯೇ. ಎಷ್ಟೋ ಜನರಿಗೆ ಕೆಲಸ ಇಲ್ಲಿಗೇ ಮುಗಿಯುತ್ತದೆ. ಮೇಷ್ಟ್ರಿಗೆ ಒಂದು ಎಳೆತವೂ ಆಗದು, ಅದೂ ನಿಂತುಕೊಂಡು. ಹಾಗಾಗಿ ಮುಂದುವರಿದೆವು.

ದಾನಿ ಮೋಟಾರ್, ಅಂದರೆ ಭಾಗಗಳನ್ನು ಕೊಡುವ ಆ ಕೆಟ್ಟ ಮೋಟಾರ್, ಸಿಕ್ಕಿದ್ದು ಹಳೇ ಔಟ್‌ಬೋರ್ಡ್ ಪ್ರಿಯರ ಒಂದು ಕೊಡುಕೊಳ್ಳುವ ಸಂತೆಯಲ್ಲಿ. ಈ ಭಾಗದಲ್ಲಿ ಇಂಥ ಸಂತೆಗಳು ಬೇಸಿಗೆಯಲ್ಲಿ ಅಲ್ಲಲ್ಲಿ ನಡೆಯುತ್ತಿರುತ್ತವೆ, ಆಂಟಿಕ್ ಔಟ್‌ಬೋರ್ಡ್ ಮೋಟಾರ್ ಕ್ಲಬ್ಬಿನ ಜನ ಸೇರುತ್ತಾರೆ. ಸಿಕ್ಕಿದ್ದು 1961ರ ಆರ್‌ಡಿಎಸ್. ಕೆಳಗಿನ ಗೇರ್‌ಬಾಕ್ಸ್ ಒಡೆದಿತ್ತು, ಒಂದು ಪಿಸ್ಟನ್ ಕಚ್ಚಿಕೊಂಡಿತ್ತು, ಆದರೆ ಮೇಲಿನ ಸೆಲ್ಫ್ ಸಾಮಾನೆಲ್ಲಾ ಇತ್ತು. ಹೊಸ ಸ್ಟಾರ್ಟರ್ ಒಂದಕ್ಕೆ ಕೊಡಬೇಕಾದ್ದಕ್ಕಿಂತ ಕಡಿಮೆ ಬೆಲೆ. ಇದರಿಂದ ನಮಗೆ ಬಂದದ್ದು ಹಲ್ಲಿರುವ ಫ್ಲೈವೀಲ್, ಸ್ಟಾರ್ಟರ್, ಅದರ ಬ್ರಾಕೆಟ್ಟು, ಬ್ರಾಕೆಟ್ಟಿನ ಸರಿಯಾದ ಅಳತೆಯ ಬೋಲ್ಟುಗಳು, ವೈರ್ ಹಿಡಿಯುವ ಕ್ಲಿಪ್ಪುಗಳು, ತಳದ ತಟ್ಟೆಯಲ್ಲಿ ಕೇಬಲ್ ಹೊರಬರುವ ರಬ್ಬರ್ ಬಳೆ. ಬೋಲ್ಟು ಕ್ಲಿಪ್ಪು ಚಿಕ್ಕ ವಿಷಯ ಅನ್ನಿಸಬಹುದು. ಅಲ್ಲ. ಬೇರೆಬೇರೆ ಕಡೆಯಿಂದ ಒಂದೊಂದೇ ಭಾಗ ಕೊಂಡವರ ಕೆಲಸ ತಿಂಗಳುಗಟ್ಟಲೆ ನಿಲ್ಲುವುದು ಇಂಥವಕ್ಕೇ.

ಫ್ಲೈವೀಲ್ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಹಗ್ಗದ ಮೋಟಾರಿನ ಫ್ಲೈವೀಲ್ ಅಂಚು ನುಣುಪು. ಸೆಲ್ಫ್ ಮೋಟಾರಿನದ್ದಕ್ಕೆ ಸುತ್ತ ರಿಂಗ್ ಗೇರ್ ಇರುತ್ತದೆ, ಸ್ಟಾರ್ಟರಿನ ಪುಟ್ಟ ಗೇರು ಅದಕ್ಕೆ ಹಲ್ಲು ಕೊಟ್ಟು ತಿರುಗಿಸುತ್ತದೆ. ಹಾಗಾದರೆ ನುಣುಪು ಚಕ್ರಕ್ಕೇ ಒಂದು ರಿಂಗ್ ಗೇರ್ ಮಾಡಿಸಿ ಬಿಸಿ ಮಾಡಿ ಕೂರಿಸಬಾರದೇ ಅಂತ ಕೆಲವರು ಕೇಳುತ್ತಾರೆ. ಬೇಡ. ಈ ಚಕ್ರ ನಿಮಿಷಕ್ಕೆ 4,500 ಸುತ್ತಿನ ಆಸುಪಾಸು ತಿರುಗುತ್ತದೆ, ಬೋಟಿನಲ್ಲಿ ಕೂತವರ ಎದೆಯ ಮಟ್ಟದಲ್ಲಿ. ಸರಿಯಾಗಿ ಕೂರದ ಉಕ್ಕಿನ ಬಳೆ ಸಡಿಲವಾಗಿ ಹಾರಿದರೆ ಏನಾಗುತ್ತದೆ ಅಂತ ಯೋಚಿಸಲೂ ಭಯ. ಜೊತೆಗೆ ಚಕ್ರದೊಳಗಿನ ಅಯಸ್ಕಾಂತಕ್ಕೆ ಜಾಸ್ತಿ ಶಾಖ ಒಳ್ಳೆಯದಲ್ಲ. ಕಾರ್ಖಾನೆಯ ಹಲ್ಲಿನ ಚಕ್ರ ಸಿಗದಿದ್ದರೆ ಈ ಕೆಲಸ ಕೈಬಿಡುವುದೇ ಸರಿ ಅನ್ನುವಷ್ಟು ಖಚಿತವಾಗಿ ಹೇಳುತ್ತೇನೆ.

ಚಕ್ರ ತೆಗೆಯಲು ಮಧ್ಯದ ಮೂರು ತೂತುಗಳಿಗೆ ಬೋಲ್ಟ್ ಹಾಕಿ ಎಳೆಯುವ ಪುಲ್ಲರ್ ಬೇಕು. ಅಂಚನ್ನು ಕಚ್ಚಿ ಎಳೆಯುವ ಪುಲ್ಲರ್ ಹಾಕಿದರೆ ಚಕ್ರ ಸೊಟ್ಟಗಾಗುತ್ತದೆ, ಹಲ್ಲೂ ಹೋಗುತ್ತದೆ. ಹೊಸದನ್ನು ಕೂರಿಸುವಾಗ ಕ್ರ್ಯಾಂಕ್‌ಶಾಫ್ಟಿನ ಮೊನೆ ಮತ್ತು ಚಕ್ರದ ಒಳಗಿನ ಇಳಿಜಾರು ಎರಡನ್ನೂ ಒಣಗುವಂತೆ ಒರೆಸಬೇಕು. ಎಣ್ಣೆ, ಗ್ರೀಸು ಒಂದು ಹನಿಯೂ ಇರಬಾರದು. ಚಕ್ರವನ್ನು ಹಿಡಿದಿರುವುದು ಆ ಇಳಿಜಾರಿನ ಬಿಗಿತ. ಮಧ್ಯದಲ್ಲಿ ಕೂರುವ, ಕೀ ಅನ್ನುವ ಚಿಕ್ಕ ಲೋಹದ ತುಂಡು ಇರುವುದು ಚಕ್ರವನ್ನು ಸರಿಯಾದ ಜಾಗಕ್ಕೆ ತರಲು ಮಾತ್ರ. ಸೆಲ್ಫ್ ಹಾಕಿದ ಮೇಲೆ ಇದು ಇನ್ನೂ ಮುಖ್ಯ, ಯಾಕೆಂದರೆ ಪ್ರತಿ ಸಲ ಸ್ಟಾರ್ಟ್ ಮಾಡುವಾಗ ಅಂಚಿಗೆ ಒಂದು ಏಟು ಬೀಳುತ್ತದೆ. ಬಿಗಿತ ಸಾಲದಿದ್ದರೆ ಆ ತುಂಡು ಕತ್ತರಿಸಿಹೋಗುತ್ತದೆ, ಟೈಮಿಂಗ್ (ಸ್ಪಾರ್ಕ್ ಬೀಳುವ ಸಮಯ) ಕೆಡುತ್ತದೆ. ನಟ್ಟನ್ನು 100ರಿಂದ 105 ಅಡಿ-ಪೌಂಡಿಗೆ ಟಾರ್ಕ್ ವ್ರೆಂಚಿನಲ್ಲಿ ಬಿಗಿ ಮಾಡಿದೆವು. ನ್ಯೂಟನ್ ಮೀಟರಿನಲ್ಲಿ ಸುಮಾರು 136ರಿಂದ 142. ಕೈ ಅಂದಾಜಿನಲ್ಲಿ ಮಾಡುವ ಕೆಲಸ ಇದಲ್ಲ.

ಸ್ಟಾರ್ಟರನ್ನು ಮೋಟಾರಿಗೆ ಕೂರಿಸುವ ಮೊದಲು ಪೂರ್ತಿ ಬಿಚ್ಚಿದೆವು. ಬ್ರಷ್ ಸವೆದಿದ್ದವು, ಅವು ಉಜ್ಜುವ ತಾಮ್ರದ ಭಾಗ, ಅಂದರೆ ಕಾಮ್ಯುಟೇಟರ್, ಕಪ್ಪಾಗಿತ್ತು. ಎರಡನ್ನೂ ಸರಿ ಮಾಡುವುದು ಊರ ಸಣ್ಣ ಎಲೆಕ್ಟ್ರಿಕ್ ಮೋಟಾರ್ ರಿಪೇರಿ ಅಂಗಡಿಯವರು ಕಣ್ಣು ಮುಚ್ಚಿ ಮಾಡುವ ಕೆಲಸ. ಸ್ಟಾರ್ಟರಿನ ಆ ಪುಟ್ಟ ಗೇರು (ಪಿನಿಯನ್) ಓಡಾಡುವ ತಿರುಪಿನ ದಂಡ ಇದೆಯಲ್ಲ, ಅದಕ್ಕೆ ಬೆಂಡಿಕ್ಸ್ ಅನ್ನುತ್ತಾರೆ. ಸ್ಟಾರ್ಟರ್ ದಿಢೀರನೆ ತಿರುಗಿದಾಗ ಗೇರು ತನ್ನ ಜಡತೆಯಿಂದ ಹಿಂದೆ ಉಳಿದು, ತಿರುಪಿನ ಮೇಲೆ ಮೇಲಕ್ಕೆ ಏರಿ ರಿಂಗ್ ಗೇರಿಗೆ ಹಲ್ಲು ಕೊಡುತ್ತದೆ. ಎಂಜಿನ್ ಹೊತ್ತಿಕೊಂಡು ವೇಗ ಹಿಡಿದಾಗ ಅದೇ ತಿರುಪು ಗೇರನ್ನು ಕೆಳಕ್ಕೆ ತಳ್ಳುತ್ತದೆ. ಎಷ್ಟು ಸರಳ, ಎಷ್ಟು ಚೆಂದ ಅಲ್ವಾ! ಇದಕ್ಕೆ ಗಟ್ಟಿ ಗ್ರೀಸ್ ಹಚ್ಚಿದರೆ ಚಳಿಯಲ್ಲಿ ಅಂಟಿಕೊಂಡು ಗೇರು ಮೇಲೇಳುವುದೇ ಇಲ್ಲ. ಒಂದೆರಡು ಹನಿ ತೆಳು ಎಣ್ಣೆ ಸಾಕು.

ಬ್ರಾಕೆಟ್ ಕೂರಿಸಿದ ಮೇಲೆ ಕೈಯಿಂದ ಗೇರನ್ನು ಮೇಲೆತ್ತಿ ಹಲ್ಲು ಸೇರಿಸಿ ಫ್ಲೈವೀಲನ್ನು ಪೂರ್ತಿ ಒಂದು ಸುತ್ತು ನಿಧಾನ ತಿರುಗಿಸಿ ನೋಡಿದೆವು. ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟೇ ಇದನ್ನು ಮಾಡಬೇಕು. ಎಲ್ಲೂ ಬಿಗಿ ಹಿಡಿಯಬಾರದು, ಎಲ್ಲೂ ಹಲ್ಲಿನ ತುದಿ ಮಾತ್ರ ತಾಗುವಂತೆಯೂ ಇರಬಾರದು. ನಮ್ಮ ಆರ್‌ಡಿ ಎಂಜಿನ್ನಿನ ಮೈಯಲ್ಲಿ ಬ್ರಾಕೆಟ್ಟಿಗೆ ಬೇಕಾದ ದಪ್ಪ ಉಬ್ಬುಗಳು ಎರಕದಲ್ಲೇ ಇದ್ದವು, ದಾನಿಯ ಬೋಲ್ಟುಗಳೇ ಕೂತವು. ಸ್ವಂತ ಬ್ರಾಕೆಟ್ ಮಾಡಲು ಹೊರಟವರು ಕಷ್ಟಪಡುವುದು ಇಲ್ಲೇ. ಅರ್ಧ ಮಿಲಿಮೀಟರ್ ಆಚೀಚೆ ಆದರೂ ಒಂದೇ ಸೀಸನ್ನಿನಲ್ಲಿ ಹಲ್ಲು ತಿಂದುಹೋಗುತ್ತದೆ.

ಈಗ ವೈರಿಂಗ್. ಕಾರಿನ ಕೆಲಸ ಗೊತ್ತಿರುವವರು ಎಡವುವ ಜಾಗ.

ಕಾರಿನಲ್ಲಿ ಎಂಜಿನ್ ಓಡಲು ಇಗ್ನಿಷನ್‌ಗೆ ಬ್ಯಾಟರಿಯ ಕರೆಂಟ್ ಕೊಡುತ್ತೇವೆ, ನಿಲ್ಲಿಸಲು ಕರೆಂಟ್ ತೆಗೆಯುತ್ತೇವೆ. ಫ್ಲೈವೀಲಿನ ಅಯಸ್ಕಾಂತದಿಂದಲೇ ಸ್ಪಾರ್ಕ್ ಹುಟ್ಟಿಸುವ ಮ್ಯಾಗ್ನೆಟೊ ಇರುವ ಇಂಥ ಮೋಟಾರಿನಲ್ಲಿ ಉಲ್ಟಾ. ಅದು ತನ್ನ ಸ್ಪಾರ್ಕನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಬ್ಯಾಟರಿ ಬೇಡ. ನಿಲ್ಲಿಸಬೇಕಾದರೆ ಆ ಸರ್ಕ್ಯೂಟನ್ನು ಶಾರ್ಟ್ ಮಾಡಬೇಕು. ಈ ಎರಡು ಸಿಲಿಂಡರಿನ ಮೋಟಾರಿನಲ್ಲಿ ನಿಲ್ಲಿಸುವ ವಿಧಾನ ಇನ್ನೂ ಜಾಣತನದ್ದು. ಎರಡು ಜೊತೆ ಪಾಯಿಂಟ್ಸ್ ಇವೆ. ಒಂದು ತೆರೆದಾಗ ಇನ್ನೊಂದು ಮುಚ್ಚಿರುತ್ತದೆ. ಎರಡರ ವೈರನ್ನೂ ಒಂದಕ್ಕೊಂದು ಸೇರಿಸಿಬಿಟ್ಟರೆ ಸಾಕು, ತೆರೆದ ಜೋಡಿ ಮುಚ್ಚಿದ ಜೋಡಿಯ ಮೂಲಕ ಅರ್ತ್ ಆಗುತ್ತದೆ, ಯಾವ ಸಿಲಿಂಡರಿಗೂ ಸ್ಪಾರ್ಕ್ ಇಲ್ಲ. ಹಾಗಾಗಿ ಇದಕ್ಕೆ ಬೇಕಾದ ಕೀ ಸ್ವಿಚ್ಚಿನಲ್ಲಿ ಎಂ ಅಂತ ಗುರುತಿರುವ ಎರಡು ತುದಿ ಇರುತ್ತವೆ. ಆಫ್‌ನಲ್ಲಿ ಅವು ಒಂದಕ್ಕೊಂದು ಸೇರುತ್ತವೆ, ಆನ್‌ನಲ್ಲಿ ಬಿಡುತ್ತವೆ. ಬ್ಯಾಟರಿ ತುದಿಗೂ ಇವಕ್ಕೂ ಯಾವತ್ತೂ ಸಂಬಂಧ ಇರಬಾರದು.

ಕಾರಿನ ಕೀ ಸ್ವಿಚ್ ಹಾಕಿದರೆ ಏನಾಗುತ್ತದೆ? 12 ವೋಲ್ಟ್ ಸೀದಾ ಮ್ಯಾಗ್ನೆಟೊಗೆ ಹೋಗುತ್ತದೆ. ಪಾಯಿಂಟ್ಸ್ ಸುಡುತ್ತದೆ, ಕಾಯಿಲ್ ಕಾದು ಹಾಳಾಗುತ್ತದೆ. ನಾವು ಹೊಸ ಕಾಯಿಲ್ ಹಾಕಿದ ಮೋಟಾರ್ ಇದು, ಒಂದು ಕ್ಷಣವೂ ಆ ಅಪಾಯ ಬೇಡ ಅಂತ, ಮೋಟಾರಿಗೆ ಜೋಡಿಸುವ ಮೊದಲೇ ಸ್ವಿಚ್ಚನ್ನು ಮೇಜಿನ ಮೇಲಿಟ್ಟು ಆಫ್, ಆನ್, ಸ್ಟಾರ್ಟ್ ಮೂರೂ ಜಾಗದಲ್ಲಿ ಪ್ರತಿ ತುದಿಯಿಂದ ಪ್ರತಿ ತುದಿಗೆ ಮಲ್ಟಿಮೀಟರಿನಲ್ಲಿ ನೋಡಿ ಕಾಗದದ ಮೇಲೆ ಬರೆದುಕೊಂಡೆವು. ಇದೇ ಥರ ಸೊಲೆನಾಯ್ಡ್ ಕೂಡ, ಅಂದರೆ ಕೀ ತಿರುಗಿಸಿದಾಗ ಬ್ಯಾಟರಿಯ ದೊಡ್ಡ ಕರೆಂಟನ್ನು ಸ್ಟಾರ್ಟರಿಗೆ ಬಿಡುವ ಸ್ವಿಚ್. ಕೆಲವು ಕಾರಿನ ಸೊಲೆನಾಯ್ಡ್‌ಗಳಲ್ಲಿ ಐ ಅಂತ ಒಂದು ಹೆಚ್ಚಿನ ತುದಿ ಇರುತ್ತದೆ, ಸ್ಟಾರ್ಟ್ ಮಾಡುವಾಗ ಇಗ್ನಿಷನ್‌ಗೆ 12 ವೋಲ್ಟ್ ಕೊಡಲು. ಇಲ್ಲಿ ಅದಕ್ಕೆ ಏನೂ ಜೋಡಿಸಬಾರದು. ಇನ್ನೂ ಒಳ್ಳೆಯದು, ಕಾರಿನದ್ದೇ ಬೇಡ, ಬೋಟಿಗೆಂದೇ ಮಾಡಿದ, ಒಳಗಿನ ಕಿಡಿ ಹೊರಗೆ ಬಾರದಂತೆ ಮುಚ್ಚಿದ ಸೊಲೆನಾಯ್ಡ್ ತರುವುದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ನಿಂತುಬಿಡುತ್ತದೆ.

ಕೇಬಲ್ ದಪ್ಪದ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಒಳ್ಳೆ ಸ್ಟಾರ್ಟರುಗಳು ಸುಮ್ಮಸುಮ್ನೆ ಬೈಗುಳ ತಿನ್ನುವುದು ಸಣ್ಣ ಕೇಬಲ್ಲಿನಿಂದ. ಬ್ಯಾಟರಿಯನ್ನು ಹಿಂದೆ ಇಟ್ಟರೆ ಕೇಬಲ್ ಗಿಡ್ಡ. ಆದರೆ ಮೋಟಾರ್ ಹಿಂದೆ, ಪೆಟ್ರೋಲ್ ಟ್ಯಾಂಕ್ ಹಿಂದೆ, ಮೇಲೆ 20 ಕಿಲೋ ಬ್ಯಾಟರಿಯೂ ಹಿಂದೆ ಅಂದರೆ ಬೋಟಿನ ಹಿಂಭಾಗ ನೀರಿಗೆ ಇಳಿಯುತ್ತದೆ. ಮೇಷ್ಟ್ರು ಮಧ್ಯದ ಸೀಟಿನ ಕೆಳಗೆ ಇಡೋಣ ಅಂದರು. ಸರಿಯಾದ ಮಾತು. ಆಗ ಕೇಬಲ್ ಹೋಗಿ ಬರುವ ಒಟ್ಟು ಉದ್ದ 6 ಮೀಟರ್. ಸ್ಟಾರ್ಟರ್ ಎಳೆಯುವುದು 100 ಆಂಪಿಯರ್ ಅಂದುಕೊಳ್ಳಿ. 6 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಮೀಟರಿಗೆ ಸುಮಾರು 3 ಮಿಲಿಓಮ್, ಅಂದರೆ 6 ಮೀಟರಿಗೆ 18, 100 ಆಂಪಿಯರಿಗೆ 1.8 ವೋಲ್ಟ್ ದಾರಿಯಲ್ಲೇ ಹೋಯಿತು. 25 ಚದರ ಮಿಲಿಮೀಟರಿನದ್ದಾದರೆ ಮೀಟರಿಗೆ 0.73 ಮಿಲಿಓಮ್, ನಷ್ಟ ಅರ್ಧ ವೋಲ್ಟಿಗೂ ಕಡಿಮೆ. ನಾವು ಹಾಕಿದ್ದು 25ರದ್ದು, ತವರ ಲೇಪಿಸಿದ ಎಳೆಗಳದ್ದು. ಅರ್ತ್ ಕೇಬಲ್ಲೂ ಅದೇ ದಪ್ಪ. ಅರ್ತ್‌ಗೆ ಏನೋ ಒಂದು ವೈರ್ ಸಾಕು ಅನ್ನುವುದು ತಪ್ಪು, ಹೋದಷ್ಟೇ ಕರೆಂಟ್ ವಾಪಸ್ಸು ಬರಬೇಕಲ್ಲ.

ಸ್ಟಾರ್ಟರಿನ ದಪ್ಪ ಕೇಬಲ್ಲಿಗೆ ಫ್ಯೂಸ್ ಇಲ್ಲ, ಬೋಟಿನ ರೂಢಿಯಲ್ಲೂ ಅದಕ್ಕೆ ವಿನಾಯಿತಿ ಇದೆ. ಬದಲಿಗೆ ಒಂದು ಬ್ಯಾಟರಿ ಸ್ವಿಚ್ ಇಟ್ಟೆವು. ಕೀ ಸ್ವಿಚ್ಚಿಗೆ ಹೋಗುವ ಸಣ್ಣ ವೈರಿಗೆ ಮಾತ್ರ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಬ್ಯಾಟರಿ ಮುಚ್ಚಳದ ಪೆಟ್ಟಿಗೆಯಲ್ಲಿ, ಬೆಲ್ಟ್ ಬಿಗಿದು, ಪ್ಲಸ್ ತುದಿಗೆ ರಬ್ಬರ್ ಟೋಪಿ ಹಾಕಿ.

ಇನ್ನು ಈ ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹಟ ಹಿಡಿದ ವಿಷಯ. ಮೇಷ್ಟ್ರ ಬೋಟಿನಲ್ಲಿ ಗೇರಿಗೆ ಒಂದು ಲಿವರ್, ಥ್ರಾಟಲಿಗೆ ಇನ್ನೊಂದು. ಗೇರ್ ಹಾಕಿಟ್ಟು ಕೀ ತಿರುಗಿಸಿದರೆ? ಹಗ್ಗ ಎಳೆಯುವವನು ಮೋಟಾರಿನ ಪಕ್ಕದಲ್ಲೇ ಇರುತ್ತಾನೆ, ನೋಡುತ್ತಾನೆ. ಕೀ ತಿರುಗಿಸುವವನು ಮುಂದೆ ಕೂತಿರುತ್ತಾನೆ, ಹಿಂದೆ ನೀರಿನಲ್ಲಿ ಮೊಮ್ಮಗ ಈಜುತ್ತಿರಬಹುದು. ಸೆಲ್ಫ್ ಹಾಕುವುದು ಅಂದರೆ ಒಂದು ಬೆರಳಿಗೆ ಪ್ರೊಪೆಲ್ಲರ್ ತಿರುಗಿಸುವ ಶಕ್ತಿ ಕೊಡುವುದು. ದಾನಿ ಮೋಟಾರಿನಲ್ಲಿ, ಥ್ರಾಟಲ್ ಸ್ಟಾರ್ಟ್ ಗುರುತು ದಾಟಿದರೆ ಸ್ಟಾರ್ಟರ್ ತಿರುಗದಂತೆ ತಡೆಯುವ ಸ್ವಿಚ್ ಇತ್ತು, ಅದನ್ನು ದಾಟಿಸಿದೆವು. ಅದಷ್ಟೇ ನನಗೆ ಸಾಲದು ಅನ್ನಿಸಿತು. ಗೇರ್ ಲಿವರಿನ ಪೆಟ್ಟಿಗೆಯೊಳಗೆ ನೀರು ತಾಗದ ಒಂದು ಮೈಕ್ರೊಸ್ವಿಚ್ ಕೂರಿಸಿ, ನ್ಯೂಟ್ರಲ್‌ನಲ್ಲಿ ಮಾತ್ರ ಒತ್ತುವಂತೆ ಮಾಡಿ, ಸೊಲೆನಾಯ್ಡ್‌ಗೆ ಹೋಗುವ ವೈರನ್ನು ಅದರ ಮೂಲಕ ಹಾಯಿಸಿದೆವು. ವೈರ್ ಕಿತ್ತು ಬಂದರೂ ಸ್ವಿಚ್ ಸತ್ತರೂ ಸ್ಟಾರ್ಟರ್ ತಿರುಗುವುದಿಲ್ಲ. ಕೆಟ್ಟರೆ ಈ ಕಡೆಗೇ ಕೆಡಬೇಕು. ಮಾರುಕಟ್ಟೆಯಲ್ಲಿ ಕೊಂಡ ಹಳೇ ಬೋಟುಗಳಲ್ಲಿ ಈ ಸ್ವಿಚ್ಚನ್ನು ಯಾರೋ ಬೈಪಾಸ್ ಮಾಡಿ ವೈರ್ ಸುತ್ತಿಟ್ಟಿರುವುದು ಕಾಣುತ್ತದೆ. ಹಾಗೆ ಕಂಡರೆ ಮೊದಲು ಅದನ್ನು ಸರಿ ಮಾಡಿ, ಆಮೇಲೆ ಬಣ್ಣ ಪಾಲಿಶ್ ಎಲ್ಲಾ.

ಚಾರ್ಜಿಂಗ್ ಬಗ್ಗೆ ಚುಟುಕಾಗಿ. ದಾನಿಗೂ ಜನರೇಟರ್ ಇರಲಿಲ್ಲ. ಬೆಲ್ಟಿನಿಂದ ತಿರುಗುವ ಹಳೇ ಜನರೇಟರ್ ಮತ್ತು ಅದರ ರೆಗ್ಯುಲೇಟರ್ ಹುಡುಕಿ ಹಾಕಬಹುದಿತ್ತು, ಬೇಡ ಅಂದೆ. ಲೆಕ್ಕ ನೋಡಿ. 100 ಆಂಪಿಯರ್, 5 ಸೆಕೆಂಡು ಅಂದರೆ 500 ಆಂಪಿಯರ್-ಸೆಕೆಂಡು, ಅದು 0.14 ಆಂಪಿಯರ್-ಅವರ್. ದಿನಕ್ಕೆ ಹತ್ತು ಸಲ ಸ್ಟಾರ್ಟ್ ಮಾಡಿದರೂ 1.4. ಒಳ್ಳೆ ಬೋಟ್ ಬ್ಯಾಟರಿಗೆ ಇದು ಏನೂ ಅಲ್ಲ. ವಾರಕ್ಕೊಮ್ಮೆ ಮನೆಯಲ್ಲಿ ಚಾರ್ಜ್ ಮಾಡಿದರೆ ಸಾಕು. ಮೀನು ಹುಡುಕುವ ಯಂತ್ರ, ದೀಪ ಎಲ್ಲಾ ಅದೇ ಬ್ಯಾಟರಿಗೆ ಜೋಡಿಸುವವರ ಲೆಕ್ಕ ಬೇರೆ. ಮೇಷ್ಟ್ರಿಗೆ ಅದ್ಯಾವುದೂ ಇಲ್ಲ.

ಮಲ್ಪೆ, ಗಂಗೊಳ್ಳಿ ಕಡೆಯ ನಾಡದೋಣಿಗಳ ಔಟ್‌ಬೋರ್ಡಿಗೂ ಹೀಗೆ ಮಾಡಬಹುದಾ ಅಂತ ಊರಿನ ಗೆಳೆಯ ಕೇಳಿದ. ದಾರಿ ಅದೇ, ಅದೇ ಮಾಡೆಲಿನ ಸೆಲ್ಫ್ ಇರುವ ತಮ್ಮನನ್ನು ಹುಡುಕಬೇಕು. ಆದರೆ ಉಪ್ಪುನೀರು, ದಿನಾ ದುಡಿಯುವ ದೋಣಿ, ಅಲೆ ಮೈಮೇಲೆ ಬರುವ ಜಾಗ. ಅಲ್ಲಿ ಬ್ಯಾಟರಿ ತುದಿ, ಸೊಲೆನಾಯ್ಡ್ ಎರಡೂ ಬೇಗ ತುಕ್ಕು ತಿನ್ನುತ್ತವೆ. ಹಗ್ಗ ಎಳೆಯಲು ಗಟ್ಟಿ ಕೈ ಇರುವವರಿಗೆ ಹಗ್ಗವೇ ನಂಬಿಕಸ್ತ. ಮೇಷ್ಟ್ರದ್ದು ಸಿಹಿನೀರು, ವರ್ಷದಲ್ಲಿ ಅರ್ಧ ಕಾಲ ಗ್ಯಾರೇಜಿನಲ್ಲಿರುವ ಬೋಟು.

ಮೊದಲ ಸಲ ತಿರುಗಿಸಿದ್ದು ದೊಡ್ಡ ನೀರಿನ ಡ್ರಮ್ಮಿನಲ್ಲಿ ಮೋಟಾರಿನ ಕೆಳಭಾಗ ಮುಳುಗಿಸಿ. ಮೊದಲು ಪ್ಲಗ್ ತೆಗೆದು, ಪ್ಲಗ್ ವೈರುಗಳನ್ನು ಅರ್ತ್ ಮಾಡಿ, ಸ್ಟಾರ್ಟರ್ ಮಾತ್ರ. ಚಕ್ರ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿತು. ಆಮೇಲೆ ಪ್ಲಗ್ ಹಾಕಿ, ಚೋಕ್ ಎಳೆದು, ಕೀ. ಬ್ಯಾಟರಿ ಸುಮ್ನೆ ಇದ್ದಾಗ 12.6 ವೋಲ್ಟ್, ತಿರುಗಿಸುವಾಗ ಸ್ಟಾರ್ಟರಿನ ತುದಿಯಲ್ಲಿ ಹತ್ತಕ್ಕಿಂತ ಮೇಲೇ ನಿಂತಿತು. ಎಂಜಿನ್ ಎರಡು ಸೆಕೆಂಡಿನ ಒಳಗೆ ಎದ್ದಿತು, ಬೆಂಡಿಕ್ಸ್ ಟಕ್ ಅಂತ ಕೆಳಗಿಳಿಯಿತು. ಕೀ ಆಫ್ ಮಾಡಿದೆವು, ನಿಂತಿತು. ಕೀ ಆಫ್ ಮಾಡಿದೆವು, ನಿಂತಿತು.

ಇಲ್ಲಿ ಮೀನಿನ ಸೀಸನ್ ಮೇ ತಿಂಗಳ ಮೊದಲ ಶನಿವಾರ ಶುರು. ಅವತ್ತು ಮೇಷ್ಟ್ರು ಮಗಳ ಜೊತೆ ಹೋದರು. ಹಗ್ಗವನ್ನು ನಾವು ತೆಗೆದಿಲ್ಲ, ತುರ್ತಿಗೆ ಮಗಳು ಎಳೆಯಬಹುದು. ಅವರಿಗೆ ಬರೆದುಕೊಟ್ಟ ಚೀಟಿ ಕೀ ಪಕ್ಕದಲ್ಲೇ ಅಂಟಿಸಿದೆ. ಹತ್ತು ಸೆಕೆಂಡಿಗಿಂತ ಜಾಸ್ತಿ ತಿರುಗಿಸಬೇಡಿ, ಹತ್ತಿಕೊಳ್ಳದಿದ್ದರೆ ಎರಡು ನಿಮಿಷ ಸ್ಟಾರ್ಟರ್ ತಣ್ಣಗಾಗಲಿ. ಎಂಜಿನ್ ಓಡುವಾಗ ಕೀಯನ್ನು ಸ್ಟಾರ್ಟ್ ಕಡೆಗೆ ಮುಟ್ಟಬೇಡಿ. ದಡಕ್ಕೆ ಬಂದ ಮೇಲೆ ಬ್ಯಾಟರಿ ಸ್ವಿಚ್ ಆಫ್. ನವೆಂಬರಿನಲ್ಲಿ ಬೋಟು ಒಳಗೆ ಬಂದಾಗ ಬ್ಯಾಟರಿ ಬಿಚ್ಚಿ ಪೂರ್ತಿ ಚಾರ್ಜ್ ಮಾಡಿ ಇಡುವುದು, ಬೆಂಡಿಕ್ಸಿಗೆ ಎಣ್ಣೆ ಒಂದೆರಡು ಹನಿ, ಫ್ಲೈವೀಲ್ ನಟ್ಟಿನ ಟಾರ್ಕ್ ಮತ್ತೊಮ್ಮೆ ನೋಡುವುದು. ಅದು ನನ್ನ ಪಾಲಿನ ಕೆಲಸ ಅಂತ ಮಾತಾಗಿದೆ.